ಕಿವಿಯೊಳಗೆ ನಾಡಿ ಮಿಡಿಯುತ್ತಿದೆಯೇ? ಪತ್ತೆ ಮಾಡುವುದು ಹೀಗೆ

ಕರೆಂಟು ಹೋಗಿ ಫ್ಯಾನು ನಿಂತ ರಾತ್ರಿ ನನ್ನ ಅತ್ತಿಗೆಗೆ ಅದು ಮೊದಲು ಕೇಳಿಸಿದ್ದು. ಪಕ್ಕದ ಮನೆಯ ಮೋಟಾರು ಅಂದುಕೊಂಡರಂತೆ. ಕರೆಂಟೇ ಇಲ್ಲದೆ ಮೋಟಾರೆಲ್ಲಿ ಓಡುತ್ತದೆ? ಸದ್ದಿದ್ದದ್ದು ಅವರ ಬಲಗಿವಿಯಲ್ಲೇ: ಸುಂಯ್... ಸುಂಯ್... ಅಣ್ಣ ‘ಎಲ್ಲ ನಿನ್ನ ಭ್ರಮೆ’ ಅಂದುಬಿಟ್ಟ.

ಕಿವಿ ಒಂದೇ ಸಮನೆ ಗುಂಯ್‌ಗುಡುವ ಟಿನ್ನಿಟಸ್ ಬಹಳ ಜನರಿಗೆ ಗೊತ್ತು. ನಾಡಿಯ ತಾಳಕ್ಕೆ ಏರಿಳಿಯುವ ಸದ್ದು ಬೇರೆ. ಅದು ಪಲ್ಸಟೈಲ್ ಟಿನ್ನಿಟಸ್. ಸಾಮಾನ್ಯವಾಗಿ ಕಿವಿಯ ಆಸುಪಾಸಿನ ರಕ್ತದ ಹರಿವೇ ಹಾಗೆ ಕೇಳಿಸುತ್ತದೆ. ಹುಡುಕಿದರೆ ಕಾರಣ ಸಿಗುವ ಸಾಧ್ಯತೆಯೂ ಇದರಲ್ಲಿ ಹೆಚ್ಚು.

ಪತ್ತೆಗೆ ಉಪಕರಣ ಬೇಡ. ಫ್ಯಾನು, ಟಿ.ವಿ. ಆರಿಸಿ ಕುಳಿತುಕೊಳ್ಳಿ. ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಟ್ಟು ನಾಡಿ ಹಿಡಿಯಿರಿ. ಹೆಬ್ಬೆರಳಲ್ಲಿ ಹಿಡಿದರೆ ಅದರದ್ದೇ ಬಡಿತ ಗೊಂದಲ ಮಾಡುತ್ತದೆ. ನಾಡಿ ಮಿಡಿದಾಗೆಲ್ಲ ಕಿವಿಯಲ್ಲೂ ಸದ್ದೇಳುತ್ತದೆಯೇ? ಒಂದು ನಿಮಿಷ ಗಮನಿಸಿ. ಮೆಟ್ಟಿಲು ಹತ್ತಿಳಿದು ಮತ್ತೆ ಕೇಳಿ. ನಾಡಿಯ ಜೊತೆ ಸದ್ದೂ ಚುರುಕಾದರೆ ಅನುಮಾನವೇ ಬೇಡ. ನಾಡಿಗೆ ಹೊಂದದೆ ಟಕ್ ಟಕ್ ಅಂದರೆ ಅದು ಕಿವಿಯೊಳಗಿನ ಸಣ್ಣ ಸ್ನಾಯುವಿನ ಸೆಳೆತ ಇರಬಹುದು.

ಯಾವ ಕಿವಿ, ಮಲಗಿದಾಗ ಜೋರಾಗುತ್ತದೆಯೇ, ಕತ್ತು ತಿರುಗಿಸಿದರೆ ತಗ್ಗುತ್ತದೆಯೇ ಎಂದು ಬರೆದಿಡಿ. ಕತ್ತಿನ ರಕ್ತನಾಳ ಒತ್ತಿ ನೋಡುವ ಪರೀಕ್ಷೆ ಡಾಕ್ಟರಿಗೇ ಬಿಡಿ. ಕಾಯಿಸಿದ ಎಣ್ಣೆಯಂತೂ ಬೇಡವೇ ಬೇಡ. ಈ ಸದ್ದು ಹುಟ್ಟುವುದು ಎಣ್ಣೆ ತಲುಪುವ ಜಾಗದಲ್ಲಲ್ಲ.

ಜೊತೆಗೆ ತಲೆನೋವಿದ್ದು, ಬಗ್ಗಿ ಎದ್ದಾಗ ಕ್ಷಣಕಾಲ ಕಣ್ಣು ಮಂಜಾಗುತ್ತಿದ್ದರೆ ತಲೆಬುರುಡೆಯೊಳಗಿನ ಒತ್ತಡ ಏರಿರಬಹುದು. ತೂಕ ಹೆಚ್ಚಿರುವ ಯುವತಿಯರಲ್ಲಿ ಇದು ಹೆಚ್ಚು. ಹಾಗೇ ಬಿಟ್ಟರೆ ದೃಷ್ಟಿಗೇ ಕುತ್ತು, ಆದ್ದರಿಂದ ಕಣ್ಣಿನ ಡಾಕ್ಟರನ್ನೂ ಬೇಗ ಕಾಣಿ. ಸದ್ದು ದಿಢೀರನೆ ಶುರುವಾಗಿ ವಿಪರೀತ ತಲೆನೋವು, ಕತ್ತುನೋವು, ರೆಪ್ಪೆ ಜೋಲುವುದು, ಮಾತು ತೊದಲುವುದು, ಕೈಕಾಲು ಸೋಲುವುದು ಯಾವುದೇ ಕಂಡರೂ ನಾಳೆ ಎನ್ನದೆ ತುರ್ತು ಚಿಕಿತ್ಸೆಗೆ ಓಡಿ.

ಉಳಿದವರು ಇ.ಎನ್.ಟಿ. ಡಾಕ್ಟರ ಹತ್ತಿರ ಹೋಗಿ. ಕಿವಿಯೊಳಗೆ ನೋಡಿ, ಬಿ.ಪಿ., ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷಿಸುತ್ತಾರೆ. ಬೇಕಾದರೆ ರಕ್ತನಾಳ ತೋರಿಸುವ ಎಂಆರ್‌ಐ ಅಥವಾ ಸಿ.ಟಿ. ಸ್ಕ್ಯಾನ್. ಅತ್ತಿಗೆಗೆ ಇದ್ದದ್ದು ರಕ್ತಹೀನತೆ. ಕಬ್ಬಿಣದ ಮಾತ್ರೆ ತಿಂದು ರಕ್ತ ಏರಿದಂತೆ ಸದ್ದಿಳಿಯಿತು. ಅದಕ್ಕೂ ಮುಂಚೆ, ಮೊದಲ ದಿನವೇ, ಡಾಕ್ಟರು ಸ್ಟೆತಾಸ್ಕೋಪನ್ನು ಅವರ ಕಿವಿಯ ಹಿಂದಿಟ್ಟು, ‘ನನಗೂ ಕೇಳಿಸ್ತಿದೆಯಮ್ಮ’ ಅಂದರು. ಅತ್ತಿಗೆ ಮಾತಾಡದೆ ಅಣ್ಣನ ಕಡೆ ತಿರುಗಿ ನೋಡಿದರು.