ಸೆಟ್‌ಟಾಪ್ ಬಾಕ್ಸ್ ಒಳಗೆ ಜಿರಳೆ ಸಂಸಾರವೇ? ಸ್ಪ್ರೇ ಡಬ್ಬಿ ಪಕ್ಕಕ್ಕಿಡಿ

ಟಿವಿ ಕೆಳಗಿನ ಸೆಟ್‌ಟಾಪ್ ಬಾಕ್ಸ್ ಮೇಲೆ ಒಮ್ಮೆ ಕೈ ಇಟ್ಟು ನೋಡಿ. ರಿಮೋಟ್‌ನಲ್ಲಿ ಆಫ್ ಮಾಡಿ ಎಷ್ಟೋ ಹೊತ್ತಾಗಿದ್ದರೂ ಬೆಚ್ಚಗೇ ಇರುತ್ತದೆ. ಒಳಗೆ ಕತ್ತಲು. ಗಾಳಿಯಾಡಲೆಂದು ಬಿಟ್ಟ ಸೀಳುಗಳು ಬೇರೆ. ವರ್ಷಗಟ್ಟಲೆ ಯಾರೂ ಅದನ್ನು ಕದಲಿಸುವುದಿಲ್ಲ. ಮಳೆಗಾಲದಲ್ಲಿ ಜಿರಳೆಗೆ ಬೇಕಾದ್ದು ಇಷ್ಟೇ ಅಲ್ವಾ? ವೈಫೈ ರೂಟರ್, ಸ್ಟೆಬಿಲೈಜರ್, ಮಿಕ್ಸಿಯ ಬುಡ, ಮೈಕ್ರೋವೇವ್‌ನ ಗಡಿಯಾರದ ಹಿಂಬದಿ, ಎಲ್ಲ ಕಡೆಯೂ ಇದೇ ಕಥೆ.

ಸೀಳಿನಿಂದ ಒಂದು ಮೀಸೆ ಅಲ್ಲಾಡಿದ್ದು ಕಂಡರೆ ಸಾಕು, ಕೈ ಮೊದಲು ಹೋಗುವುದು ಸ್ಪ್ರೇ ಡಬ್ಬಿಗೆ. ಬೇಡ. ಇಂಥ ಬಹಳಷ್ಟು ಡಬ್ಬಿಗಳಲ್ಲಿ ಔಷಧವನ್ನು ಹೊರಕ್ಕೆ ತಳ್ಳುವುದು ಹೊತ್ತಿಕೊಳ್ಳುವ ಗ್ಯಾಸ್. ಕರೆಂಟ್ ಹರಿಯುತ್ತಿರುವ ಪೆಟ್ಟಿಗೆಯೊಳಗೆ ಒಂದು ಕಿಡಿ ಹಾರಿದರೂ ಕಷ್ಟ. ಕಿಡಿ ಹಾರಲಿಲ್ಲ ಎನ್ನಿ, ಆಗಲೂ ಬೋರ್ಡ್ ಮೇಲೆ ಎಣ್ಣೆಯಂಥ ಪದರ ಉಳಿದು ಧೂಳನ್ನು ಅಂಟಿಸಿಕೊಳ್ಳುತ್ತದೆ. ಇನ್ನೊಂದು ತಾಪತ್ರಯವೂ ಇದೆ. ಸ್ಪ್ರೇ ವಾಸನೆಗೆ ಬದುಕುಳಿದ ಜಿರಳೆಗಳು ಚದುರುತ್ತವೆ. ಕೆಲವು ಇನ್ನಷ್ಟು ಒಳಕ್ಕೆ, ಕೆಲವು ಪಕ್ಕದ ಟಿವಿಗೆ. ಒಂದು ಕಡೆ ಇದ್ದ ತೊಂದರೆ ಮೂರು ಕಡೆ ಆಯಿತು.

ಆದ್ದರಿಂದ ಔಷಧ ಪೆಟ್ಟಿಗೆಯ ಒಳಗೆ ಹೋಗಬಾರದು, ಹುಳ ಹೊರಗೆ ಬರಬೇಕು. ಇಡೀ ಕೆಲಸ ಇದರ ಮೇಲೇ ನಿಂತಿದೆ.

ಮೊದಲು ಜಿರಳೆ ಯಾವುದು ನೋಡಿ

ಮೋರಿಯಿಂದ ಬರುವ ದೊಡ್ಡ ಕೆಂಚು ಜಿರಳೆ ಸುಮಾರು 4 ಸೆಂಟಿಮೀಟರ್ ಉದ್ದ. ಅದು ಇಂಥ ಸಣ್ಣ ಪೆಟ್ಟಿಗೆಗಳಲ್ಲಿ ಮನೆ ಮಾಡುವುದು ಕಡಿಮೆ. ಇಲ್ಲಿ ಸೇರಿಕೊಳ್ಳುವುದು ಒಂದೂವರೆ ಸೆಂಟಿಮೀಟರ್‌ನ ಸಣ್ಣ ಜಾತಿ. ಜರ್ಮನ್ ಜಿರಳೆ ಎನ್ನುತ್ತಾರೆ. ತಲೆಯ ಹಿಂದೆ ಎರಡು ಕಪ್ಪು ಗೆರೆ ಇರುತ್ತವೆ, ಗುರುತು ಹಿಡಿಯುವುದು ಸುಲಭ. ಇದರ ಒಂದು ಮೊಟ್ಟೆ ಚೀಲದಲ್ಲಿ 30ರಿಂದ 40 ಮೊಟ್ಟೆ. ಮರಿಯಾಗುವ ಹೊತ್ತು ಹತ್ತಿರವಾಗುವವರೆಗೂ ಹೆಣ್ಣು ಆ ಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಚೀಲದೊಳಗಿನ ಮೊಟ್ಟೆಗೆ ಔಷಧ ನಾಟುವುದು ಕಷ್ಟ. ಒಮ್ಮೆ ಹೊಡೆದು ಕೈತೊಳೆದುಕೊಂಡರೆ ತಿಂಗಳಲ್ಲಿ ಮತ್ತೆ ಅದೇ ಪಾಡು ಎನ್ನುವುದು ಇದಕ್ಕೇ.

ಜೆಲ್ ಹಾಕಿ, ಕಾಯಿರಿ

ಔಷಧದ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಜಿರಳೆ ಜೆಲ್ ಸಿರಿಂಜ್ ರೂಪದಲ್ಲಿ ಸಿಗುತ್ತದೆ. ಮೇಲೆ ಫಿಪ್ರೊನಿಲ್ ಅಥವಾ ಇಮಿಡಾಕ್ಲೋಪ್ರಿಡ್ ಎಂದು ಅದರಲ್ಲಿರುವ ವಿಷದ ಹೆಸರು ಬರೆದಿರುತ್ತದೆ. ಸಾಸಿವೆ ಕಾಳಿಗಿಂತ ತುಸು ದೊಡ್ಡ ಚುಕ್ಕೆ ಸಾಕು. ಒಂದೇ ಕಡೆ ಬಳಿಯುವ ಬದಲು ಹತ್ತು ಕಡೆ ಚುಕ್ಕೆ ಇಡಿ. ಟಿವಿ ಸ್ಟ್ಯಾಂಡಿನ ಹಿಂಬದಿ, ಬಾಗಿಲಿನ ಕೀಲು, ವೈರ್ ಗೋಡೆ ಸೇರುವ ಜಾಗ, ಸ್ಟೆಬಿಲೈಜರ್ ಕೆಳಗಿನ ಹಲಗೆಯ ಅಂಚು. ಪೆಟ್ಟಿಗೆಯ ಸೀಳಿನೊಳಗೆ ಮಾತ್ರ ಹಾಕಬೇಡಿ.

ತಿಂದ ಜಿರಳೆ ಅಲ್ಲೇ ಸಾಯುವುದಿಲ್ಲ. ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆಯನ್ನೂ ಹೆಣವನ್ನೂ ತಿಂದ ಬೇರೆಯವಕ್ಕೂ ವಿಷ ದಾಟುತ್ತದೆ. ಒಂದೆರಡು ವಾರ ಸುಮ್ನೆ ಬಿಡಿ. ಈ ಹೊತ್ತಿನಲ್ಲಿ ಹತ್ತಿರದಲ್ಲಿ ಸ್ಪ್ರೇ ಹೊಡೆದರೆ, ಫಿನಾಯಿಲ್ ಹಾಕಿ ಒರೆಸಿದರೆ ಜೆಲ್‌ನತ್ತ ಅವು ಸುಳಿಯುವುದೇ ಇಲ್ಲ. ಮಕ್ಕಳ ಕೈಗೂ ಬೆಕ್ಕು ನಾಯಿಗಳ ಬಾಯಿಗೂ ಎಟುಕದ ಜಾಗ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ.

ಪ್ಲಗ್ ಕಿತ್ತು, ಬಿಚ್ಚಿ, ಉಜ್ಜಿ

ಕೇಬಲ್‌ನವರ ಬಾಡಿಗೆ ಬಾಕ್ಸ್ ಆಗಿದ್ದರೆ ಸೀಲ್ ಮುರಿಯಬೇಡಿ, ಅವರನ್ನೇ ಕರೆದು ಬದಲಿಸಿಕೊಳ್ಳಿ. ವಾರಂಟಿ ಇರುವುದಕ್ಕೂ ಇದೇ ಮಾತು. ನಿಮ್ಮದೇ ಆಗಿದ್ದರೆ ರಾತ್ರಿ ಪ್ಲಗ್ ಕಿತ್ತಿಡಿ. ಪೆಟ್ಟಿಗೆ ತಣ್ಣಗಾದರೆ ಉಳಿದ ನಾಲ್ಕಾರು ಜಿರಳೆಗೂ ಅಲ್ಲಿರಲು ಕಾರಣ ಉಳಿಯುವುದಿಲ್ಲ. ಒಳಗಿನ ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯುವುದಕ್ಕೂ ಸಮಯ ಸಿಗುತ್ತದೆ. ಅಷ್ಟಾದರೂ ಪ್ಲಗ್ ವೈರ್ ಬಂದು ಸೇರುವ ಪವರ್ ಸಪ್ಲೈ ಭಾಗಕ್ಕೆ ಬೆರಳು ತಾಗಿಸಬೇಡಿ.

ಬೆಳಿಗ್ಗೆ ಅಂಗಳದಲ್ಲೋ ಬಾಲ್ಕನಿಯಲ್ಲೋ ಹಳೆಯ ಪೇಪರ್ ಹಾಸಿ ಬಿಚ್ಚಿ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಜಿರಳೆಯ ಹಿಕ್ಕೆ ಮತ್ತು ಪೊರೆಯ ಧೂಳು ಅಸ್ತಮಾ ಇರುವವರಿಗೆ ಆಗುವುದಿಲ್ಲ. ಮುಚ್ಚಳ ತೆಗೆದ ಕೂಡಲೇ ಒಂಥರಾ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಹಸಿರು ಬೋರ್ಡ್ ಮೇಲೆ ಟೀ ಪುಡಿಯಂತೆ ಉದುರಿದ ಕಪ್ಪು ಹಿಕ್ಕೆ, ಕಳಚಿದ ಪೊರೆ, ಮೂಲೆಯಲ್ಲಿ ಕಂದು ಬಣ್ಣದ ಮೊಟ್ಟೆ ಚೀಲಗಳು. ಜಾಸ್ತಿ ಬಿಸಿಯಾಗುವ ಚಿಪ್‌ನ ಸುತ್ತಲೇ ಇವೆಲ್ಲ ಗುಂಪಾಗಿರುತ್ತವೆ.

ಅರ್ಧ ಇಂಚಿನ ಹೊಸ ಪೇಂಟ್ ಬ್ರಷ್ ತೆಗೆದುಕೊಂಡು ಒಣಗಿದ ಕಸವನ್ನು ಮೊದಲು ಉದುರಿಸಿ. ಅಂಟಿಕೊಂಡ ಕಲೆಗೆ ಮೊಬೈಲ್ ರಿಪೇರಿಯವರು ಬಳಸುವ ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ದ್ರಾವಣ ಬೇಕು. ಹಳೆಯ ಟೂತ್‌ಬ್ರಷ್‌ಗೆ ಹಚ್ಚಿ ಮೆಲ್ಲಗೆ ಉಜ್ಜಿ. ಹತ್ತಿರದಲ್ಲಿ ಒಲೆ, ಊದುಬತ್ತಿ ಇರಬಾರದು, ಈ ದ್ರಾವಣ ಬೇಗ ಹೊತ್ತಿಕೊಳ್ಳುತ್ತದೆ. ಪೇಂಟ್ ಥಿನ್ನರ್ ಬೇಡ, ಪ್ಲಾಸ್ಟಿಕ್ ಕರಗುತ್ತದೆ. ಕೈಗೆ ಹಾಕುವ ಸ್ಯಾನಿಟೈಜರ್ ಜೆಲ್ ಕೂಡ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತವೆ. ತಾಮ್ರದ ಗೆರೆಗಳ ಮೇಲೆ ಹಸಿರು ಕಿಲುಬು ಕಂಡರೆ ಕೊರೆತ ಶುರುವಾಗಿದೆ ಎಂದೇ ಅರ್ಥ. ಅದನ್ನು ರಿಪೇರಿಯವರಿಗೆ ಬಿಡಿ.

ಪೂರ್ತಿ ಒಣಗಿದ ಮೇಲೆ ಮುಚ್ಚಿ. ಗಾಳಿಯ ಸೀಳುಗಳಿಗೆ ಟೇಪ್ ಅಂಟಿಸುವವರಿದ್ದಾರೆ. ಜಿರಳೆ ನಿಲ್ಲುತ್ತದೆ ನಿಜ, ಬಾಕ್ಸ್ ಕೂಡ ಬಿಸಿಯಾಗಿ ನಿಲ್ಲುತ್ತದೆ. ಫ್ಯಾನ್ ಇಲ್ಲದ ಪೆಟ್ಟಿಗೆಗೆ ಸೊಳ್ಳೆ ಪರದೆಯ ತೆಳು ಬಲೆ ಅಂಟಿಸಬಹುದು, ಆದರೆ ಆಗಾಗ ಧೂಳು ಒರೆಸಬೇಕು. ನನ್ನ ಕೇಳಿದರೆ ಅದಕ್ಕಿಂತ ಪೆಟ್ಟಿಗೆಯನ್ನು ಅಡುಗೆಮನೆ ಗೋಡೆಯಿಂದ ದೂರ ಸರಿಸಿ, ವೈರ್ ಬರುವ ತೂತನ್ನು ಪುಟ್ಟಿಯಿಂದ ಮುಚ್ಚುವುದು ಮೇಲು. ನಾಲ್ಕು ವಾರ ಕಳೆದ ಮೇಲೆ ಹೊಸ ಜೆಲ್ ಚುಕ್ಕೆ ಇಡಿ. ಉಳಿದ ಚೀಲಗಳಿಂದ ಮರಿ ಹೊರಬರುವುದು ಆ ಹೊತ್ತಿಗೇ.

ಮೈಕ್ರೋವೇವ್ ಮುಟ್ಟಬೇಡಿ

ಗಂಟೆ ತೋರಿಸುವ ಗಾಜಿನ ಹಿಂದೆ ಮರಿ ಜಿರಳೆ ಓಡಾಡುವುದು ಕಂಡು ಸಿಟ್ಟು ಬರುತ್ತದೆ. ಓವನ್ ಖಾಲಿ ಓಡಿಸಿದರೆ ಸಾಯುತ್ತದೆ ಎಂದುಕೊಂಡು ಹಾಗೆ ಮಾಡುವವರೂ ಇದ್ದಾರೆ. ಅಲೆಗಳು ಅಡುಗೆ ಇಡುವ ಗೂಡಿನಲ್ಲಷ್ಟೇ ಇರುತ್ತವೆ, ಬಟನ್‌ಗಳ ಹಿಂದೆ ಬರುವುದಿಲ್ಲ. ಖಾಲಿ ಓಡಿಸಿದರೆ ಕೆಡುವುದು ಓವನ್ನೇ. ಬಿಚ್ಚುವುದಂತೂ ಬೇಡವೇ ಬೇಡ. ಅದರ ಕೆಪಾಸಿಟರ್ ಸಾವಿರಾರು ವೋಲ್ಟ್‌ನದು, ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು. ಪ್ಲಗ್ ಕಿತ್ತು, ಕೆಲವು ದಿನ ತಣ್ಣಗೆ ಬಿಟ್ಟು, ಸುತ್ತಲೂ ಜೆಲ್ ಇಡಿ. ಒಳಗಿನ ಕೆಲಸ ಮೆಕ್ಯಾನಿಕ್ ಮಾಡಲಿ. ಹಳೆಯ ಡಬ್ಬಾ ಟಿವಿ, ಇನ್ವರ್ಟರ್‌ಗೂ ಇದೇ ನಿಯಮ.

ಇರುವೆಗೆ ಬೇರೆ ಲೆಕ್ಕ

ಸ್ವಿಚ್ ಒತ್ತಿದರೆ ಲೈಟ್ ಮಿಣಮಿಣ ಎನ್ನುತ್ತದೆ, ಸುಟ್ಟ ವಾಸನೆ ಬರುತ್ತದೆ. ಬಿಚ್ಚಿದರೆ ಎರಡು ಕಾಂಟ್ಯಾಕ್ಟ್‌ಗಳ ನಡುವೆ ಸತ್ತ ಇರುವೆಗಳ ಕಪ್ಪು ಗುಪ್ಪೆ. ಶಾಕ್ ಹೊಡೆಸಿಕೊಂಡ ಇರುವೆ ಸಾಯುವ ಮುಂಚೆ ಅಪಾಯದ ವಾಸನೆ ಬಿಡುತ್ತದೆ. ಅದನ್ನು ಹಿಡಿದು ಉಳಿದವು ಅಲ್ಲಿಗೇ ಧಾವಿಸುತ್ತವೆ, ಅವೂ ಸಾಯುತ್ತವೆ.

ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲಷ್ಟೇ ಬೋರ್ಡ್ ಬಿಚ್ಚಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ, ಇದರಲ್ಲಿ ನಾಚಿಕೆ ಏನಿಲ್ಲ. ಒಣ ಬ್ರಷ್‌ನಿಂದ ಗುಡಿಸಿ, ಗೋಡೆಯೊಳಗಿನ ಪೈಪಿನ ಬಾಯಿ ಮುಚ್ಚಿಸಿ. ಗೂಡು ಇರುವುದು ಹೆಚ್ಚಾಗಿ ಆ ಪೈಪಿನಾಚೆ.

ಗೂಡಿಗೆ ಮದ್ದು ಮನೆಯಲ್ಲೇ ಮಾಡಬಹುದು. ಅರ್ಧ ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚ ಬೋರಿಕ್ ಪೌಡರ್. ಕೇರಂ ಬೋರ್ಡಿಗೆ ಹಾಕುತ್ತಾರಲ್ಲ, ಅದೇ. ಕೆಲವು ಕೇರಂ ಪೌಡರ್ ಬರೀ ಪಿಷ್ಟ, ಡಬ್ಬಿ ಓದಿ ಕೊಳ್ಳಿ. ಪೌಡರ್ ಜಾಸ್ತಿ ಹಾಕಿದರೆ ಕೆಲಸ ಕೆಡುತ್ತದೆ. ಇರುವೆ ದಾರಿಯಲ್ಲೇ ಸತ್ತರೆ ಗೂಡಿಗೆ ಹೊತ್ತೊಯ್ಯುವವರು ಯಾರು? ಹತ್ತಿಯನ್ನು ಈ ನೀರಿನಲ್ಲಿ ಅದ್ದಿ ಸಾಲು ಹೋಗುವ ದಾರಿಯಲ್ಲಿ, ಬೋರ್ಡಿನಿಂದ ದೂರ ಇಡಿ. ಮೊದಲ ದಿನ ಇರುವೆ ಇನ್ನೂ ಹೆಚ್ಚಾಗಿ ಮುತ್ತುತ್ತವೆ. ಗಾಬರಿಯಾಗಿ ತೆಗೆದು ಎಸೆಯಬೇಡಿ. ಇದೂ ವಿಷವೇ, ಮಕ್ಕಳು ಮುಟ್ಟದ ಹಾಗೆ ನೋಡಿಕೊಳ್ಳಿ.

ಲ್ಯಾಪ್‌ಟಾಪ್‌ಗೆ ಇರುವೆ ಬರುವುದು ಕೀಗಳ ಸಂದಿಗೆ ಬಿದ್ದ ಚೂರುಪಾರು ತಿಂಡಿಗೆ. ಆಫ್ ಮಾಡಿ, ತಲೆಕೆಳಗು ಹಿಡಿದು ಅಲುಗಿಸಿ, ಮೇಜಿನ ಕಾಲುಗಳನ್ನು ನೀರಿನ ತಟ್ಟೆಯಲ್ಲಿಟ್ಟು ಬಿಡಿ. ಕೆಲವರು ಫ್ರೀಜರ್‌ನಲ್ಲಿಡಿ ಎನ್ನುತ್ತಾರೆ. ಸೆಲ್ ತೆಗೆದ ರಿಮೋಟ್ ಆದರೆ ಸರಿ, ಜಿಪ್ ಕವರ್‌ನಲ್ಲಿ ಹಾಕಿ ಮೂರು ದಿನ ಇಡಿ, ಹೊರತೆಗೆದ ಮೇಲೆ ಪೂರ್ತಿ ಬೆಚ್ಚಗಾಗುವವರೆಗೆ ಕವರ್ ಬಿಚ್ಚಬೇಡಿ. ಬ್ಯಾಟರಿ, ಪರದೆ ಇರುವ ಯಾವುದನ್ನೂ ಫ್ರೀಜರ್‌ಗೆ ಹಾಕಬೇಡಿ.

ಮಾನಿಟರ್ ಪರದೆಯ ಒಳಗೇ ಚುಕ್ಕೆಯಷ್ಟಿರುವ ಹುಳ ನಡೆದಾಡುತ್ತಿದ್ದರೆ ಬೆರಳಿನಿಂದ ಒತ್ತಬೇಡಿ. ಅಪ್ಪಚ್ಚಿಯಾದರೆ ಆ ಕಲೆ ಶಾಶ್ವತ. ಮಾನಿಟರ್ ಆಫ್ ಮಾಡಿ, ಕೋಣೆ ಕತ್ತಲು ಮಾಡಿ, ಅಂಚಿನ ಹತ್ತಿರ ಒಂದು ಟೇಬಲ್ ಲ್ಯಾಂಪ್ ಹಚ್ಚಿಡಿ. ಬೆಳಕಿಗೆ ಬಂದದ್ದು ಬೆಳಕಿನ ಕಡೆಗೇ ಹೋಗುತ್ತದೆ.

ಪಂಪ್‌ಸೆಟ್ ಸ್ಟಾರ್ಟರ್

ಹೊಲದ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಇರುವೆ, ಹಲ್ಲಿ, ಮಣ್ಣಿನ ಗೂಡು ಕಟ್ಟುವ ಕಣಜ ಎಲ್ಲ ಒಟ್ಟಿಗೆ ಇರುತ್ತವೆ. ಕಾಂಟ್ಯಾಕ್ಟ್ ನಡುವೆ ಏನಾದರೂ ಸಿಕ್ಕಿಕೊಂಡು ಒಂದು ಫೇಸ್ ತಪ್ಪಿದರೆ ಮೋಟಾರ್ ಗುಂಯ್ ಎನ್ನುತ್ತಾ ಎರಡೇ ಫೇಸ್‌ನಲ್ಲಿ ಎಳೆಯುತ್ತದೆ, ಕಾಯಿಲ್ ಸುಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ನಿಂದ ಮೋಟಾರ್ ಎತ್ತಿಸುವ ಖರ್ಚು ರೈತರಿಗೆ ಹೇಳಿಕೊಡಬೇಕಿಲ್ಲ. ಒಂದು ಫೇಸ್ ತಪ್ಪಿದ ಕೂಡಲೇ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಸಿದ್ದರೆ ಇದು ತಪ್ಪುತ್ತದೆ.

ಶುಚಿ ಮಾಡುವಾಗ 'ಈಗ ಕರೆಂಟ್ ಇಲ್ಲ' ಎಂದು ಕೈ ಹಾಕಬೇಡಿ. ತ್ರೀಫೇಸ್ ಯಾವಾಗ ಬರುತ್ತದೋ ಯಾರಿಗೆ ಗೊತ್ತು, ಆಟೋ ಸ್ಟಾರ್ಟರ್ ಇದ್ದರೆ ಬಂದ ತಕ್ಷಣ ತಾನೇ ಎಳೆಯುತ್ತದೆ. ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ, ಟೆಸ್ಟರ್ ಹಿಡಿದು ನೋಡಿ. ಒಣ ಬ್ರಷ್‌ನಿಂದ ಗುಡಿಸಿ. ಕೇಬಲ್ ಬರುವ ತೂತಿಗೆ ಅದರ ಸುತ್ತ ಬಿಗಿಯಾಗಿ ಕೂರುವ ಗ್ಲ್ಯಾಂಡ್ ಹಾಕಿ, ಮಿಕ್ಕ ಸಂದಿಗೆ ಪುಟ್ಟಿ ತುಂಬಿ.

ಇಲ್ಲಿ ನುಸಿಗುಳಿಗೆ ಇಡುವುದು ರೂಢಿ. ಮುಚ್ಚಿದ ಪೆಟ್ಟಿಗೆಯಲ್ಲಿ ಅದರ ವಾಸನೆ ಸ್ವಲ್ಪ ದಿನ ಹುಳಗಳನ್ನು ದೂರ ಇಡಬಹುದು, ತೂತು ಮುಚ್ಚುವ ಕೆಲಸವನ್ನು ಅದು ಮಾಡುವುದಿಲ್ಲ. ಮನೆಯೊಳಗೆ, ಅದರಲ್ಲೂ ಹಸುಗೂಸು ಇರುವ ಕೋಣೆಯಲ್ಲಿ ನುಸಿಗುಳಿಗೆ ಬೇಡ. ಲವಂಗ, ಕರ್ಪೂರ ಇಟ್ಟರೆ ಕೋಣೆ ಘಮ್ಮೆನ್ನುತ್ತದೆ, ಗೂಡು ಕಟ್ಟಿದ ಜಿರಳೆ ಅಷ್ಟಕ್ಕೆಲ್ಲ ಜಾಗ ಖಾಲಿ ಮಾಡುವುದಿಲ್ಲ. ಪ್ಲಗ್‌ಗೆ ಸಿಕ್ಕಿಸುವ 'ಅಲ್ಟ್ರಾಸಾನಿಕ್' ಯಂತ್ರಕ್ಕೆ ದುಡ್ಡು ಹಾಕುವ ಮುಂಚೆ ಇದನ್ನು ಕೇಳಿ: ಅವುಗಳ ತಯಾರಕರಿಗೂ ಮಾರಾಟಗಾರರಿಗೂ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಪತ್ರ ಬರೆದು, ಪುರಾವೆ ಇಲ್ಲದೆ ಜಾಹೀರಾತು ಕೊಡಬೇಡಿ ಎಂದು ಎಚ್ಚರಿಸಿತ್ತು.

ಇನ್ನು ರಿಪೇರಿಗೆ ಒಯ್ಯುವುದಿದ್ದರೆ ಟಿವಿಯನ್ನೋ ಮಿಕ್ಸಿಯನ್ನೋ ದಪ್ಪ ಪ್ಲಾಸ್ಟಿಕ್ ಕವರ್‌ನಲ್ಲಿ ಬಿಗಿಯಾಗಿ ಕಟ್ಟಿ ಒಯ್ಯಿರಿ. ಒಳಗೆ ಜಿರಳೆ ಇದೆ ಎಂದು ಅಂಗಡಿಯವರಿಗೆ ಬಾಯಿಬಿಟ್ಟು ಹೇಳಿ. ಹೇಳದೆ ಕೊಟ್ಟರೆ ಪಕ್ಕದ ಕಪಾಟಿನಲ್ಲಿರುವ ಬೇರೆ ಗಿರಾಕಿಗಳ ಸಾಮಾನಿಗೂ ಅವು ಹಬ್ಬುತ್ತವೆ. ಸೆಕೆಂಡ್ ಹ್ಯಾಂಡ್ ಸಾಮಾನು ಕೊಳ್ಳುವವರೂ ಅಷ್ಟೇ, ಮನೆಯೊಳಗೆ ತರುವ ಮುಂಚೆ ಹಿಂದಿನ ಸೀಳುಗಳಿಗೆ ಟಾರ್ಚ್ ಹಾಕಿ ನೋಡಿ.