ಬದು, ದಾರಿ, ತೂಬಿನ ಜಗಳ: ರಾಜಿ ಮುರಿಯದಂತೆ ಮಾಡಿಸುವ ಬಗೆ

ಮಂಡ್ಯ, ಮದ್ದೂರು, ಪಾಂಡವಪುರದ ನಾಲೆ ಬಯಲಿನಲ್ಲಾಗಲಿ, ತಿ. ನರಸೀಪುರ, ನಂಜನಗೂಡಿನ ಕಡೆಯಾಗಲಿ, ಊರ ಕಟ್ಟೆಗೆ ಮತ್ತೆ ಮತ್ತೆ ಬರುವ ಜಗಳ ಮೂರು: ಬದುವಿನ ಒತ್ತುವರಿ, ಗದ್ದೆಗೆ ಹೋಗುವ ದಾರಿ, ತೂಬಿನ ನೀರಿನ ಸರದಿ. ಕಬ್ಬು ಕಡಿದು ಟ್ರ್ಯಾಕ್ಟರ್ ಇಳಿಸಬೇಕಾದಾಗ ದಾರಿಯದು ಏಳುತ್ತದೆ, ನಾಲೆಗೆ ನೀರು ಬಿಟ್ಟ ಮೊದಲ ವಾರ ಸರದಿಯದು. ಹಿರೀಕರು ಕೂತು ಮಾತಾಡಿ ಕೈ ಕುಲುಕಿಸಿ ಕಳಿಸುತ್ತಾರೆ, ಮುಂದಿನ ಹಂಗಾಮಿಗೆ ಅದೇ ಜಗಳ ಮತ್ತೆ ನಿಂತಿರುತ್ತದೆ. ಅಳೆಯದೆ ಮಾತಾಡಿದ್ದು, ಬರೆಯದೆ ಎದ್ದದ್ದು, ಒಪ್ಪಬೇಕಾದವರನ್ನು ಕರೆಯದೆ ಬಿಟ್ಟದ್ದು, ಈ ಮೂರರಲ್ಲಿ ಒಂದಾದರೂ ಅದಕ್ಕೆ ಕಾರಣವಾಗಿರುತ್ತದೆ. ಮಧ್ಯಸ್ಥರಾಗಿ ಕೂರುವವರಿಗೆ ಈ ಬರಹ.

ಮೊದಲು: ಕೂರಬಾರದ ಜಗಳಗಳು

ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ) ಪ್ರಕರಣ, ಜಾತಿ ದೌರ್ಜನ್ಯ ಇವುಗಳಿಗೆ ಕಟ್ಟೆಯಲ್ಲಿ ರಾಜಿ ಇಲ್ಲ. ಯಾರು ಒತ್ತಾಯಿಸಿದರೂ ಕೂರಬೇಡಿ. ಬಹಿಷ್ಕಾರ ಹಾಕುವುದು, ದಂಡ ಕಟ್ಟಿಸಿಕೊಳ್ಳುವುದು ಮಧ್ಯಸ್ಥರ ಅಧಿಕಾರವೇ ಅಲ್ಲ. ಪರಿಶಿಷ್ಟರ ಮೇಲೆ ಸಾಮಾಜಿಕ ಬಹಿಷ್ಕಾರ ಹಾಕಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ, ಕಟ್ಟೆಯಲ್ಲಿ ಕೂತವರೇ ಆರೋಪಿಗಳಾಗುತ್ತಾರೆ. ಬದುವಿನ ಮೇಲೆ ನಡೆದ ತಳ್ಳಾಟ, ಸಣ್ಣ ಗಾಯದಂಥ ಪ್ರಕರಣಗಳಲ್ಲಿ ರಾಜಿಗೆ ಕಾನೂನು ಅವಕಾಶ ಕೊಡುತ್ತದೆ. ಅಲ್ಲಿಯೂ ಠಾಣೆಯಲ್ಲಿ ಎಫ್‌ಐಆರ್ ಆಗಿದ್ದರೆ ಕಟ್ಟೆಯ ಮಾತಿನಿಂದ ಕೇಸು ಮುಗಿಯುವುದಿಲ್ಲ, ನ್ಯಾಯಾಲಯದ ಮುಂದೆಯೇ ರಾಜಿ ದಾಖಲಾಗಬೇಕು.

ಜಮೀನಿನಲ್ಲೂ ಮುಟ್ಟಬಾರದ್ದು ಇದೆ. ಗೋಮಾಳ, ಕೆರೆ ಅಂಗಳ, ಸರ್ಕಾರಿ ಖರಾಬು ಇಬ್ಬರು ರೈತರು ಹಂಚಿಕೊಳ್ಳುವ ಆಸ್ತಿಯಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವುದು 1978ರ ಕಾಯ್ದೆಯ ಪ್ರಕಾರ ನಡೆಯದು. ಅಂಥ ಗುಂಟೆಯೊಂದನ್ನು 'ಹೊಂದಾಣಿಕೆ'ಯಲ್ಲಿ ಪಕ್ಕದವರಿಗೆ ಬಿಡಿಸಿದರೆ ಆ ಕಾಗದ ಎಂದೂ ನಿಲ್ಲುವುದಿಲ್ಲ. ಪಹಣಿಯಲ್ಲಿ ಜಮೀನು ಯಾರಿಗೆ, ಹೇಗೆ ಬಂತೆಂಬ ಕಾಲಂ ನೋಡಿದ ಮೇಲೆಯೇ ಮಾತಿಗೆ ಕೂರಿ.

ಯಾರು ಕೂರಬೇಕು

ಒಬ್ಬರೇ ಯಜಮಾನರು ಕೂತರೆ ಎರಡರಲ್ಲೊಂದು ಕಡೆಯವರಿಗೆ ಅವರು ಎದುರಾಳಿಯ ನೆಂಟರಾಗಿಯೋ ಸಾಲ ಕೊಟ್ಟವರಾಗಿಯೋ ಕಾಣುತ್ತಾರೆ. ಏಷ್ಯಾದ ಬೇರೆ ದೇಶಗಳು ಇದಕ್ಕೆ ಕಂಡುಕೊಂಡ ದಾರಿಗಳನ್ನು ನಮ್ಮ ಊರುಗಳೂ ಬಳಸಬಹುದು. ಶ್ರೀಲಂಕಾದಲ್ಲಿ 1988ರ ಮಧ್ಯಸ್ಥಿಕೆ ಮಂಡಳಿ ಕಾಯ್ದೆ ಬಂದ ಮೇಲೆ ಪ್ರತಿ ಕಡೆಯವರೂ ಮಂಡಳಿಯಿಂದ ಒಬ್ಬೊಬ್ಬರನ್ನು ಆರಿಸುತ್ತಾರೆ, ಹಾಗೆ ಬಂದ ಇಬ್ಬರು ಸೇರಿ ಮೂರನೆಯವರನ್ನು ಆರಿಸುತ್ತಾರೆ. ಬಾಂಗ್ಲಾದೇಶದ 2006ರ ಗ್ರಾಮ ನ್ಯಾಯಾಲಯ ಕಾಯ್ದೆಯಲ್ಲಿ ಯೂನಿಯನ್ ಪರಿಷತ್ತಿನ (ನಮ್ಮ ಗ್ರಾಮ ಪಂಚಾಯಿತಿಯಂಥದು) ಅಧ್ಯಕ್ಷರ ಜೊತೆ ಎರಡೂ ಕಡೆಯಿಂದ ಇಬ್ಬಿಬ್ಬರು, ಒಟ್ಟು ಐವರು ಕೂರುತ್ತಾರೆ. ನಮ್ಮಲ್ಲಿ 2023ರ ಮಧ್ಯಸ್ಥಿಕೆ ಕಾಯ್ದೆ ಊರಿನ ನೆಮ್ಮದಿ ಕೆಡಿಸುವ ಜಗಳಗಳಿಗೆ ಮೂವರ ಸಮುದಾಯ ಮಧ್ಯಸ್ಥಿಕೆಯನ್ನು ಹೇಳುತ್ತದೆ. ಆದರೆ 2023ರ ಅಕ್ಟೋಬರ್ 9ರಂದು ಜಾರಿಗೆ ಬಂದ ಕಲಂಗಳಲ್ಲಿ ಅದು ಸೇರಿರಲಿಲ್ಲ. ಆ ದಾರಿ ಹಿಡಿಯುವ ಮುಂಚೆ ಅದು ಜಾರಿಯಲ್ಲಿದೆಯೇ ಎಂದು ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿಕೊಳ್ಳಿ.

ಊರ ಮಟ್ಟಕ್ಕೆ ಶ್ರೀಲಂಕಾದ ಲೆಕ್ಕವೇ ಚೆನ್ನ: ಮೂವರು, ಅದರಲ್ಲಿ ಕಡೇಪಕ್ಷ ಒಬ್ಬರು ಹೆಣ್ಣುಮಗಳು. ಜಗಳದ ಜಮೀನಿನ ಮೇಲೆ ಪಾಲು, ಭೋಗ್ಯ, ಗುತ್ತಿಗೆ ಏನೇ ಇದ್ದರೂ ಅಂಥವರು ಮಧ್ಯಸ್ಥರಾಗಬಾರದು. ಇದನ್ನು ಮೊದಲ ದಿನವೇ ಎಲ್ಲರೆದುರು ಕೇಳಿ.

ಇನ್ನು ಒಪ್ಪಬೇಕಾದವರು. ಅಣ್ಣತಮ್ಮಂದಿರಷ್ಟೇ ಕೂತು ಬದು ಸರಿಮಾಡಿಕೊಂಡರೆ ಮುಗಿಯಿತು ಎನ್ನುವಂತಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕ ಸಹಿ ಹಾಕದ ರಾಜಿಯನ್ನು ಅವರು ನಾಳೆ ಪ್ರಶ್ನಿಸಬಹುದು, ಪ್ರಶ್ನಿಸಿದರೆ ತಪ್ಪೂ ಅಲ್ಲ. ಪಾಲುದಾರರಲ್ಲಿ ಅಪ್ರಾಪ್ತರಿದ್ದು ದಾವೆ ನಡೆಯುತ್ತಿದ್ದರೆ, ಅವರ ಪರ ರಾಜಿಗೆ ನ್ಯಾಯಾಲಯದ ಅನುಮತಿ ಬೇಕೇ ಬೇಕು. ಕುಟುಂಬದ ವಂಶವೃಕ್ಷ ಬರೆಸಿಕೊಳ್ಳಿ, ಒಬ್ಬೊಬ್ಬರ ಹೆಸರಿನ ಮುಂದೆ ಬಂದರೇ ಇಲ್ಲವೇ ಎಂದು ಗುರುತು ಮಾಡಿ.

ಮಾತಿಗೆ ಮುಂಚೆ ಅಳತೆ

ಅಳೆಯದೆ ನಡೆಸಿದ ಮಾತುಕತೆಯಲ್ಲಿ ಗಂಟಲು ದೊಡ್ಡದಿದ್ದವರು ಗೆಲ್ಲುತ್ತಾರೆ. ಪಹಣಿ, ಮ್ಯುಟೇಶನ್, ಆಕಾರ್‌ಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ನಕ್ಷೆ), ಗ್ರಾಮ ನಕಾಶೆ ತರಿಸಿ. ಕ್ರಯಪತ್ರದ ಚಕ್ಕುಬಂದಿಯನ್ನು ಜೋರಾಗಿ ಓದಿಸಿ. ಪಹಣಿಯ ವಿಸ್ತೀರ್ಣಕ್ಕೂ ಆಕಾರ್‌ಬಂದ್‌ಗೂ ತಾಳೆಯಾಗದಿದ್ದರೆ ಜಗಳ ಬದುವಿನದಲ್ಲ, ದಾಖಲೆಯದು. ಆಗ ಮೊದಲು ಅದನ್ನು ಸರಿಪಡಿಸಬೇಕು.

ಬದುವಿಗೆ ಹದ್ದುಬಸ್ತು (ಸರ್ವೇಯರ್ ಬಂದು ಗಡಿ ಗುರುತಿಸುವ) ಅರ್ಜಿ ಹಾಕಿಸಿ, ಇಬ್ಬರ ಕಡೆಯಿಂದಲೂ ಸರಿಪಾಲು ಶುಲ್ಕ ಕಟ್ಟಿಸಿ. ಒಬ್ಬರೇ ಕಟ್ಟಿದರೆ 'ನಿಮ್ಮ ಸರ್ವೇಯರ್' ಎಂಬ ಮಾತು ಬರುತ್ತದೆ. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ತಲುಪಿರಬೇಕು, ಅಳೆಯುವ ದಿನ ಎಲ್ಲರೂ ಸ್ಥಳದಲ್ಲಿರಬೇಕು. ಬೆಳೆ ನಿಂತಾಗ ಅಳೆಯುವುದು ಕಷ್ಟ. ಕಬ್ಬು ಅಥವಾ ಭತ್ತ ಕೊಯ್ಲಾದ ಕೂಡಲೇ ದಿನ ಹಿಡಿಯಿರಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ನೂರು ಅಡಿ ಉದ್ದದ ಬದುವಿನಲ್ಲಿ 2 ಅಡಿ ಒತ್ತಿದರೆ 200 ಚದರ ಅಡಿ, ಗುಂಟೆಯ ಐದನೇ ಒಂದು ಭಾಗಕ್ಕೂ ಕಡಿಮೆ. ಈ ಲೆಕ್ಕವನ್ನು ಹಾಳೆಯ ಮೇಲೆ ತೋರಿಸಿದಾಗ ಜಗಳದ ಗಾತ್ರ ಎಷ್ಟೋ ಸಲ ಇಳಿಯುತ್ತದೆ.

ದಾರಿಗೆ ಬೇರೆ ಪ್ರಶ್ನೆ: ಅದು ನಕಾಶೆ ಕಂಡ ದಾರಿಯೇ, ಅಲ್ಲವೇ? ನಕಾಶೆಯಲ್ಲಿದ್ದರೆ ಮಾತುಕತೆಗೆ ಹೆಚ್ಚು ಕೆಲಸವಿಲ್ಲ, ತಹಶೀಲ್ದಾರರಿಂದ ತೆರವು ಮಾಡಿಸಿಕೊಳ್ಳಬಹುದು. ಇಲ್ಲದಿದ್ದರೆ ರೂಢಿಯ ಹಕ್ಕಿನ ಮಾತು ಬರುತ್ತದೆ. 1882ರ ಸುಖಾಧಿಕಾರ ಕಾಯ್ದೆಯಡಿ 20 ವರ್ಷ ಅಡೆತಡೆಯಿಲ್ಲದೆ, ಹಕ್ಕಿನಂತೆ ಬಳಸಿದ್ದನ್ನು ತೋರಿಸಬೇಕು. ಅನುಮತಿ ಕೇಳಿಕೊಂಡು ಓಡಾಡಿದ್ದು ಈ ಲೆಕ್ಕಕ್ಕೆ ಬಾರದು.

ಮಾತುಕತೆ ನಡೆಯುತ್ತಿದೆ ಎಂದು ಕಾನೂನಿನ ಗಡುವು ನಿಲ್ಲುವುದಿಲ್ಲ. ಜಮೀನಿನಿಂದ ಬಲವಂತವಾಗಿ ಎಬ್ಬಿಸಿದ್ದರೆ, ಮಾಲೀಕತ್ವ ಸಾಬೀತು ಮಾಡದೆಯೇ ಸ್ವಾಧೀನ ವಾಪಸು ಕೇಳುವ ದಾವೆಗೆ ಬರೀ 6 ತಿಂಗಳ ಅವಕಾಶ. ಎದುರಿನವರು 'ಹಬ್ಬ ಕಳೀಲಿ', 'ಕಬ್ಬು ಕಡೀಲಿ' ಎಂದು ಏಳು ತಿಂಗಳು ಎಳೆದರೆ ಆ ಬಾಗಿಲು ಮುಚ್ಚುತ್ತದೆ. ಮೊದಲ ದಿನವೇ ಕೊನೆಯ ದಿನಾಂಕ ಗೊತ್ತುಮಾಡಿ, ಮೂರು ಕೂಟಗಳಲ್ಲಿ ಮುಗಿಯದಿದ್ದರೆ ವಕೀಲರ ಹತ್ತಿರ ಕಳಿಸಿ.

ಮಾತುಕತೆ

ಮೊದಲ ಕೂಟ ಗದ್ದೆಯಲ್ಲೇ ಆಗಲಿ. 2003ರಲ್ಲಿ ಚೆನ್ನೈನ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಎಸ್. ಜನಕರಾಜನ್ ಮುಂದಾಳತ್ವದಲ್ಲಿ ಕರ್ನಾಟಕ, ತಮಿಳುನಾಡಿನ ರೈತರು 'ಕಾವೇರಿ ಕುಟುಂಬ'ವಾಗಿ ಕೂತಾಗಲೂ ಒಬ್ಬರ ಬಯಲನ್ನು ಒಬ್ಬರು ಹೋಗಿ ನೋಡಿದ್ದರು. ರಾಜ್ಯಗಳ ವ್ಯಾಜ್ಯ ಅದರಿಂದ ಬಗೆಹರಿಯಲಿಲ್ಲ ನಿಜ, ಆದರೆ ಎದುರಿನವರ ಒಣಗಿದ ಪೈರನ್ನು ಕಣ್ಣಾರೆ ಕಂಡವರು ಮಾತಾಡುವ ರೀತಿಯೇ ಬೇರೆ.

ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಎದುರಿಗೆ ಹೇಳಲಾಗದ್ದು ಆಗ ಹೊರಬರುತ್ತದೆ: ಮದುವೆಗೆ ಕರೆಯದ ನೋವು, ಹಳೆಯ ಸಾಲ, ಮಗನಿಗೆ ಆದ ಅವಮಾನ. ಹಾಗೆ ಕೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಆಚೆ ಕಡೆಗೆ ದಾಟಿಸಬೇಡಿ, ದಾಟಿಸಿದ ದಿನವೇ ಮಧ್ಯಸ್ಥಿಕೆ ಮುಗಿದಂತೆ. 'ನೀನು ಎರಡಡಿ ಬಿಡು' ಎಂದು ತೀರ್ಪು ಹೇಳುವ ಆಸೆಯನ್ನೂ ತಡೆದುಕೊಳ್ಳಿ. ಹಿರೀಕರ ಮರ್ಯಾದೆಗೆ ತಲೆಯಾಡಿಸಿದವರು ಮನೆಗೆ ಹೋಗಿ ಮನಸ್ಸು ಬದಲಿಸುತ್ತಾರೆ. ಪರಿಹಾರದ ಮಾತು ಅವರ ಬಾಯಿಂದಲೇ ಬರಬೇಕು. ಕುಡಿದು ಬಂದವರಿದ್ದರೆ ಅಂದಿನ ಕೂಟ ಬೇಡ.

ನೀರಿನ ಸರದಿ ಹಾಕುವ ಲೆಕ್ಕ

ಇಲ್ಲಿ ಒಳ್ಳೆಯ ಮನಸ್ಸಿಗಿಂತ ಒಳ್ಳೆಯ ಲೆಕ್ಕ ಮುಖ್ಯ. ಒಂದು ಹೊಲಗಾಲುವೆಯ ಕೆಳಗೆ 12 ಎಕರೆ ಇದೆ ಎನ್ನಿ. ಏಳು ದಿನದ ಸುತ್ತಿಗೆ 168 ಗಂಟೆ. ಕಾಲುವೆ ತುಂಬಿ ನೀರು ಕೊನೆಭಾಗ ಮುಟ್ಟಲು ಒಟ್ಟು 12 ಗಂಟೆ ಹಿಡಿಯುತ್ತದೆ ಎಂದರೆ ಹಂಚಲು ಉಳಿಯುವುದು 156. ಎಕರೆಗೆ 13 ಗಂಟೆ, ಗುಂಟೆಗೆ ಹತ್ತೊಂಬತ್ತೂವರೆ ನಿಮಿಷ. 1 ಎಕರೆ 10 ಗುಂಟೆಯವರಿಗೆ 16 ಗಂಟೆ 15 ನಿಮಿಷ. ತುಂಬುವ ಹೊತ್ತನ್ನು ಮೊದಲೇ ಕಳೆಯದಿದ್ದರೆ ಆ ನಷ್ಟವೆಲ್ಲ ಕೊನೆಭಾಗದವರ ಪಾಲಿನಿಂದಲೇ ಹೋಗುತ್ತದೆ. ಸರದಿ ಜಗಳಗಳ ಬೇರು ಬಹಳ ಸಲ ಇರುವುದು ಇಲ್ಲೇ. ಆ ಹೊತ್ತನ್ನು ಊಹಿಸಬೇಡಿ. ನೀರುಗಂಟಿಯವರ ಜೊತೆ ಎರಡೂ ಕಡೆಯವರು ನಿಂತು ಒಮ್ಮೆ ಗಡಿಯಾರ ಹಿಡಿದು ನೋಡಿ.

ಸರದಿಯನ್ನು ವಾರದ ಹೆಸರಿನಲ್ಲಿ ಬರೆಯಬೇಡಿ. ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ನೀರು ಪದ್ಧತಿಯಲ್ಲಿ ನಾಲೆ ಯಾವಾಗ ಹರಿಯುತ್ತದೆ, ಯಾವಾಗ ನಿಲ್ಲುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. 'ಸೋಮವಾರ ಅವರದು' ಎಂದು ಬರೆದು, ಸೋಮವಾರ ನೀರೇ ಇಲ್ಲದಿದ್ದರೆ ಮತ್ತೆ ದೊಣ್ಣೆ ಏಳುತ್ತದೆ. ತೂಬಿಗೆ ನೀರು ಬಂದ ಗಳಿಗೆಯಿಂದ ಗಂಟೆ ಎಣಿಸಬೇಕು, ನಡುವೆ ನೀರು ನಿಂತರೆ ಮುಂದಿನ ಸಲ ನಿಂತ ಕಡೆಯಿಂದಲೇ ಶುರು ಎಂದು ಬರೆಯಿರಿ. ಏಳು ದಿನದ ಸುತ್ತಿನಲ್ಲಿ ರಾತ್ರಿ ಸರದಿ ಪ್ರತಿ ಬಾರಿಯೂ ಅದೇ ಮನೆಗೆ ಬೀಳುತ್ತದೆ. ಸುತ್ತಿನಿಂದ ಸುತ್ತಿಗೆ ಶುರುವಿನ ಹೊತ್ತನ್ನು 12 ಗಂಟೆ ಮುಂದಕ್ಕೆ ಸರಿಸಿದರೆ ಹಗಲು ಇರುಳು ಎಲ್ಲರಿಗೂ ಹಂಚಿಹೋಗುತ್ತದೆ. ತೂಬು ಒಡೆಯುವುದು, ನಾಲೆಗೆ ಅನುಮತಿಯಿಲ್ಲದೆ ಪಂಪು ಇಡುವುದು 1965ರ ನೀರಾವರಿ ಕಾಯ್ದೆಯಡಿ ಅಪರಾಧ. ಅಂಥದ್ದಕ್ಕೆ ಒಪ್ಪಿಗೆ ಕೊಡುವ ಸಾಲು ಕರಾರಿನಲ್ಲಿ ಬರಬಾರದು.

ಬರಹ

'ಇನ್ನು ಮುಂದೆ ಅನ್ಯೋನ್ಯವಾಗಿರುತ್ತೇವೆ' ಎಂಬ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ. ಸರ್ವೆ ನಂಬರು, ಹಿಸ್ಸಾ, ಯಾವ ಬಾಂದುಕಲ್ಲಿನಿಂದ ಯಾವ ಕಲ್ಲಿಗೆ, ದಾರಿಯ ಅಗಲ ಎಷ್ಟು ಅಡಿ, ಎತ್ತಿನಗಾಡಿಗೋ ಟ್ರ್ಯಾಕ್ಟರಿಗೋ, ಬೆಳೆ ತುಳಿದರೆ ಪರಿಹಾರ ಯಾರದು, ಯಾವ ತಾರೀಕಿನೊಳಗೆ ಬೇಲಿ ತೆಗೆಯಬೇಕು ಎಲ್ಲವೂ ಬೇಕು. ಕೈನಕ್ಷೆ ಅಂಟಿಸಿ, ಅದರ ಮೇಲೂ ಸಹಿ ಮಾಡಿಸಿ. ಓದಲು ಬಾರದವರಿಗೆ ಅವರು ನಂಬುವವರಿಂದ ಓದಿಸಿ, ಓದಿದವರ ಹೆಸರನ್ನೂ ಬರೆಯಿರಿ.

ಸಹಿಗೆ ಆತುರ ಬೇಡ. ಫಿಲಿಪೀನ್ಸಿನ ಬರಂಗಾಯ್ (ಊರ ಮಟ್ಟದ ಆಡಳಿತ) ವ್ಯವಸ್ಥೆಯಲ್ಲಿ ಮೋಸ, ಬೆದರಿಕೆಯಿಂದ ಒಪ್ಪಿಸಿದ್ದರೆ ಆ ರಾಜಿಯನ್ನು 10 ದಿನದೊಳಗೆ ತಿರಸ್ಕರಿಸಬಹುದು, ಹಾಗೆ ಮಾಡದಿದ್ದರೆ ಅದಕ್ಕೆ ತೀರ್ಪಿನ ಬಲ. ನಮ್ಮಲ್ಲೂ ಕರಡು ಕೊಟ್ಟು ಹತ್ತು ದಿನ ಮನೆಯಲ್ಲಿ ಯೋಚಿಸಲು ಬಿಟ್ಟರೆ, ಕಟ್ಟೆಯಲ್ಲಿ ಬಾಯಿ ಬಿಡದ ಹೆಂಡತಿ, ಅಮ್ಮ, ಅತ್ತಿಗೆಯ ಮಾತೂ ಅದರೊಳಗೆ ಬರುತ್ತದೆ.

ಛಾಪಾ ಕಾಗದದ ಮೇಲೆ ಬರೆದ ಮಾತ್ರಕ್ಕೆ ಜಮೀನಿನ ಹಕ್ಕು ಕೈಬದಲಾಗುವುದಿಲ್ಲ. ಅಲ್ಲಿ ಎರಡು ಗುಂಟೆ ಬಿಟ್ಟು ಇಲ್ಲಿ ಎರಡು ಗುಂಟೆ ಪಡೆಯುವ ಅದಲುಬದಲಾದರೆ 11ಇ ನಕ್ಷೆ (ಕೈಬದಲಾಗುವ ಭಾಗವನ್ನು ಅಳೆದು ಮಾಡುವ ಸರ್ವೆ ನಕ್ಷೆ) ಮಾಡಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು.

ಲೋಕ ಅದಾಲತ್‌ನಲ್ಲಿ ಮುದ್ರೆ

ಊರ ಕರಾರು ಮುರಿದರೆ ಅದರ ಮೇಲೆ ಮತ್ತೆ ದಾವೆ ಹೂಡಬೇಕು. ಅದೇ ರಾಜಿ ಲೋಕ ಅದಾಲತ್‌ನಲ್ಲಿ ದಾಖಲಾದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಕೇಸೇ ಹಾಕದ ಜಗಳವನ್ನೂ ವ್ಯಾಜ್ಯಪೂರ್ವ ಅರ್ಜಿಯಾಗಿ ಕೊಡಬಹುದು. ತಾಲ್ಲೂಕು ನ್ಯಾಯಾಲಯದ ಆವರಣದ ಕಾನೂನು ಸೇವಾ ಸಮಿತಿಗೆ, ಇಲ್ಲವೇ ಮೈಸೂರು, ಮಂಡ್ಯದ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ ಕೊಡಿ, ಶುಲ್ಕವಿಲ್ಲ. ಕೇಸು ನಡೆಯುತ್ತಿದ್ದರೆ ರಾಜಿಯಾದ ಮೇಲೆ ಕಟ್ಟಿದ ನ್ಯಾಯಾಲಯ ಶುಲ್ಕ ವಾಪಸು ಬರುತ್ತದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100. ಮೇಲ್ಮನವಿ ಇಲ್ಲದಿರುವುದರಿಂದಲೇ ಮೇಲೆ ಹೇಳಿದ ಹತ್ತು ದಿನ ಬೇಕು.

ಅದಾಲತ್ ಆದ ಮೇಲೆ ಅವಾರ್ಡಿನ (ಅದಾಲತ್ ಕೊಡುವ ಆದೇಶದ) ಪ್ರತಿ ಇಬ್ಬರೂ ಇಟ್ಟುಕೊಳ್ಳಬೇಕು. ಪಾಲಿಸದಿದ್ದರೆ ಅಮಲ್ಜಾರಿ (ಆದೇಶ ಜಾರಿ ಮಾಡಿಸುವ) ಅರ್ಜಿ ಹಾಕಲು ಸಾಮಾನ್ಯವಾಗಿ 12 ವರ್ಷ ಇದೆ. ಆದರೆ 'ಬೇಲಿ ತೆಗೆಯಬೇಕು', 'ಗೋಡೆ ಒಡೆಯಬೇಕು' ಎಂಬಂಥ ಕಡ್ಡಾಯ ಆದೇಶಕ್ಕೆ ಮೂರೇ ವರ್ಷ, ಡಿಕ್ರಿಯ ದಿನದಿಂದ ಅಥವಾ ಅದರಲ್ಲಿ ಹೇಳಿದ ಗಡುವಿನಿಂದ. ಮಧ್ಯಸ್ಥರು ಮೊದಲ ನೀರು ಬಿಟ್ಟ ವಾರದಲ್ಲೊಮ್ಮೆ, ಮೊದಲ ಕಬ್ಬು ಕಡಿಯುವಾಗೊಮ್ಮೆ ಸ್ಥಳಕ್ಕೆ ಹೋಗಿ ಬರಬೇಕು. ಬೇಲಿ ಹಾಗೇ ಇದ್ದರೆ ನೋಟಿಸಿಗೆ ಮುಂಚೆ ಇನ್ನೊಂದು ಸಲ ಮಾತಾಡಿ ನೋಡಿ, ಅವಾರ್ಡಿನ ತಾರೀಕನ್ನು ಮಾತ್ರ ಮರೆಯಬೇಡಿ.