ಲೈನ್ ಅಲ್ಲ, ದಾರಿ ಬದಲಾಯಿಸಿದೆ

ಫ್ರಾಂಕ್‌ಫರ್ಟ್‌ನಿಂದ ಸಿಂಗಾಪುರಕ್ಕೆ ದಿನಾ ರಾತ್ರಿ ಬ್ಯಾಕಪ್ ಹೋಗಬೇಕು. ಎರಡೂ ಕಡೆ 1 ಗಿಗಾಬಿಟ್ ಲೈನ್. ಸಿಗುತ್ತಿದ್ದದ್ದು 30-40 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್). ಮಧ್ಯೆ ಒಂದು ಸಣ್ಣ ರಿಲೇ, ಅಂದರೆ ಡೇಟಾ ತೆಗೆದುಕೊಂಡು ಮುಂದಕ್ಕೆ ಕಳಿಸುವ ಮಷಿನ್, ಇಡೋಣ ಎಂದೆ. ದಾರಿಯಲ್ಲಿ ಇನ್ನೊಂದು ಹಾಪ್ (ನಿಲುಗಡೆ) ಸೇರಿದರೆ ಇನ್ನೂ ನಿಧಾನ ಅಲ್ವಾ ಎಂದು ಜೊತೆಯವರೆಲ್ಲ ತಳ್ಳಿಹಾಕಿದರು. ಈಗ ಅದೇ ರಿಲೇ ಮೇಲೆ 700ರ ಆಸುಪಾಸು ಓಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ವಿಷಯ. ಲೈನ್ ದೊಡ್ಡದು ಮಾಡಿಸಿ ಎಂದರು, ಮಾಡಿಸಿದ್ದಾಯಿತು. ತಿಂಗಳ ಬಿಲ್ ಹೆಚ್ಚುಕಡಿಮೆ ಒಂದೂವರೆ ಪಟ್ಟಾಯಿತು, ವೇಗ ಮಾತ್ರ ಇದ್ದಲ್ಲೇ ಇತ್ತು. ಏರುವುದಾದರೂ ಹೇಗೆ? ಪಿಂಗ್ (ಹೋಗಿ ಬರುವ ಸಮಯ) 240 ಮಿಲಿಸೆಕೆಂಡು ಇರುವಾಗ 1 ಗಿಗಾಬಿಟ್ ತುಂಬಬೇಕಾದರೆ ಸುಮಾರು 30 ಎಂಬಿ ಡೇಟಾ ಯಾವಾಗಲೂ ದಾರಿಯಲ್ಲೇ ಇರಬೇಕು, ನಮ್ಮ ಬಫರ್ (ತಲುಪಿತು ಎಂಬ ಉತ್ತರ ಬರುವವರೆಗೆ ಡೇಟಾ ಹಿಡಿದಿಡುವ ಜಾಗ) ಅದರ ಹತ್ತಿರಕ್ಕೂ ಇರಲಿಲ್ಲ. ಬಫರ್ ಏರಿಸಿದೆ. ಸ್ವಲ್ಪ ಮೇಲಕ್ಕೆ ಹೋಯಿತು, ಆದರೆ ದಾರಿಯಲ್ಲಿ ಒಂದೆರಡು ಪ್ಯಾಕೆಟ್ (ಡೇಟಾದ ತುಣುಕು) ಬಿದ್ದುಹೋದರೂ ಕ್ಯೂಬಿಕ್ (ಎಷ್ಟು ವೇಗದಲ್ಲಿ ಕಳಿಸಬೇಕೆಂದು ಲೆಕ್ಕ ಹಾಕುವ ಮಾಮೂಲಿ ವಿಧಾನ) ವೇಗ ಇಳಿಸಿಬಿಡುತ್ತಿತ್ತು, ಇಷ್ಟು ದೂರದಲ್ಲಿ ಅದು ಮತ್ತೆ ಏರಲು ಸುಮಾರು ಹೊತ್ತು ಬೇಕು. ಎಂಟು-ಹತ್ತು ಕನೆಕ್ಷನ್ ಒಟ್ಟಿಗೆ ಬಿಟ್ಟರೆ 200 ಮುಟ್ಟುತ್ತಿತ್ತು, ಆದರೆ ಆಗ ಅದೇ ಲೈನಿನ ಮೇಲಿದ್ದ ಬೇರೆಯವರ ಕೆಲಸವೆಲ್ಲ ನಿಂತುಹೋಗುತ್ತಿತ್ತು.

ನನ್ನ ತಲೆ ಕೊರೆಯುತ್ತಿದ್ದದ್ದು ಆ 240. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಈ ಎರಡು ಊರುಗಳ ನೇರ ದೂರ 10,000 ಚಿಲ್ಲರೆ ಕಿ.ಮೀ. ಹೋಗಿ ಬರಲು 100 ಮಿಲಿಸೆಕೆಂಡು ಚಿಲ್ಲರೆ. ಕೇಬಲ್ ಸುತ್ತಿಕೊಂಡು ಹೋಗುವುದನ್ನು ಸೇರಿಸಿದರೂ 160 ಸಾಕು. ಫ್ರಾಂಕ್‌ಫರ್ಟ್ ಕಡೆಯಿಂದ ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಟೂಲ್) ಹಾಕಿದರೆ ಎಲ್ಲ ಸರಿ: ಫ್ರಾನ್ಸಿನ ಮಾರ್ಸೇಲ್, ಅಲ್ಲಿಂದ ಸಮುದ್ರದ ಕೇಬಲ್, ಸಿಂಗಾಪುರ. ಕೊನೆಯ ಹಾಪ್‌ಗಳಲ್ಲಿ ಮಾತ್ರ ಸಮಯ ಒಮ್ಮೆಲೇ ಜಿಗಿಯುತ್ತಿತ್ತು. ಸಿಂಗಾಪುರದಲ್ಲಿ ಕೂತು ಹಾಕಿದಾಗ ಗೊತ್ತಾಯಿತು, ವಾಪಸ್ ಬರುವ ಪ್ಯಾಕೆಟ್‌ಗಳು ಪೆಸಿಫಿಕ್ ದಾಟಿ ಲಾಸ್ ಏಂಜಲೀಸ್‌ಗೆ ಹೋಗಿ, ಅಮೆರಿಕ ಪೂರ್ತಿ ದಾಟಿ, ಅಟ್ಲಾಂಟಿಕ್ ಮೇಲೆ ಯುರೋಪಿಗೆ ಬರುತ್ತಿದ್ದವು! ನೆಟ್‌ವರ್ಕ್‌ಗಳ ನಡುವೆ ದಾರಿ ಆರಿಸುವ ಬಿಜಿಪಿ ಕಿಲೋಮೀಟರ್ ನೋಡುವುದಿಲ್ಲ. ಯಾರ ಜೊತೆ ಒಪ್ಪಂದ ಇದೆ, ಎಷ್ಟು ನೆಟ್‌ವರ್ಕ್ ದಾಟಬೇಕು, ಅಷ್ಟೇ ಅದರ ಲೆಕ್ಕ. ಇದನ್ನು ಲೈನ್ ಕೊಟ್ಟ ಕಂಪನಿಯವರಿಗೆ ಬರೆದೆ. ವಾರಗಟ್ಟಲೆ ಕಾಯಿಸಿ, ನಮ್ಮ ಕಡೆ ಎಲ್ಲ ಸರಿ ಇದೆ ಎಂದು ಉತ್ತರ ಕೊಟ್ಟರು.

ಹಾಗಾಗಿ ಮಾರ್ಸೇಲ್‌ನಲ್ಲಿ, ಬೇರೆ ಕಂಪನಿಯ ನೆಟ್‌ವರ್ಕ್‌ನಲ್ಲಿ, ಒಂದು ಚಿಕ್ಕ ವರ್ಚುವಲ್ ಮಷಿನ್ (ಬಾಡಿಗೆ ಸರ್ವರ್) ತೆಗೆದುಕೊಂಡೆ. ತೆಗೆದುಕೊಳ್ಳುವ ಮೊದಲು ಸಿಂಗಾಪುರದಿಂದ ಅಲ್ಲಿಗೆ ಟ್ರೇಸ್‌ರೂಟ್ ಹಾಕಿ, ದಾರಿ ಅಮೆರಿಕ ಸುತ್ತುವುದಿಲ್ಲ ಎಂದು ನೋಡಿದ್ದೆ. ಮೊದಲು ವೈರ್‌ಗಾರ್ಡ್ ಟನಲ್ (ಪ್ಯಾಕೆಟ್‌ಗಳನ್ನು ಗೂಢಲಿಪಿಯಲ್ಲಿ ಸುತ್ತಿ ಕಳಿಸುವ ದಾರಿ) ಹಾಕಿದೆ. ಪಿಂಗ್ ಇಳಿಯಿತು, ಆದರೆ ಲಾಗಿನ್ ಆಗುತ್ತದೆ, ಫೈಲ್ ಮಾತ್ರ ಅಲ್ಲಾಡುವುದಿಲ್ಲ. ಟನಲ್ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಬೈಟ್, ಮಧ್ಯೆ ಯಾರೋ ಐಸಿಎಂಪಿ (ಪ್ಯಾಕೆಟ್ ದೊಡ್ಡದಾಯಿತು ಎಂದು ತಿಳಿಸುವ ಸಂದೇಶ) ತಡೆದಿದ್ದಾರೆ, ದೊಡ್ಡ ಪ್ಯಾಕೆಟ್ ಸುಮ್ನೆ ಮಾಯ. ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಡೇಟಾದ ಮಿತಿ) 1380ಕ್ಕೆ ಇಳಿಸಿದ ಮೇಲೆ ಓಡಿತು, ಆದರೂ ವೇಗ 150 ದಾಟಲಿಲ್ಲ.

ಟನಲ್ ಬಿಟ್ಟೆ. ರಿಲೇಯಲ್ಲಿ ಟಿಸಿಪಿಯನ್ನೇ (ಬಿದ್ದ ಪ್ಯಾಕೆಟ್ ಮತ್ತೆ ಕಳಿಸುವ ಕನೆಕ್ಷನ್) ಮುರಿದು ಎರಡು ಕನೆಕ್ಷನ್ ಮಾಡಿದೆ. ಫ್ರಾಂಕ್‌ಫರ್ಟ್‌ನಿಂದ ಮಾರ್ಸೇಲ್‌ಗೆ ಹೇಗೂ ಹತ್ತಿರ, ಅಲ್ಲಿ ಪ್ಯಾಕೆಟ್ ಬಿದ್ದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಬರುತ್ತದೆ. ದೂರದ ಭಾಗಕ್ಕೆ ರಿಲೇಯಲ್ಲಿ ಕ್ಯೂಬಿಕ್ ಬದಲು ಬಿಬಿಆರ್ (ಒಂದೆರಡು ಪ್ಯಾಕೆಟ್ ಬಿದ್ದರೆ ವೇಗ ಇಳಿಸದ ವಿಧಾನ) ಹಾಕಿದೆ, ಸಿಂಗಾಪುರದ ರಿಸೀವ್ ಬಫರ್ 64 ಎಂಬಿವರೆಗೆ ಬಿಟ್ಟೆ. ಅವತ್ತೇ 500 ದಾಟಿತು. ಉಳಿದ 200 ಬಂದದ್ದು ಪೇಸಿಂಗ್, ಅಂದರೆ ಪ್ಯಾಕೆಟ್ ಬಿಡುವ ವೇಗ, ಅದೊಂದನ್ನು ಕೈಯಾರೆ ನಿಗದಿ ಮಾಡಿದ್ದರಿಂದ. ಆ ಸಂಖ್ಯೆ ನನ್ನ ಹತ್ತಿರವೇ ಇರಲಿ, ನಿಮ್ಮ ಲೈನಿಗೆ ಅದು ಬೇರೆಯೇ ಇರುತ್ತದೆ. ದೊಡ್ಡ ಲೈನಿಗೆ ಜಾಸ್ತಿ ಕೊಡುತ್ತಿದ್ದ ದುಡ್ಡಿನ ಹತ್ತನೇ ಒಂದು ಭಾಗವೂ ಈ ಮಷಿನ್‌ಗೆ ಬೀಳುತ್ತಿಲ್ಲ. ಒಂದು ಮಾತು, ಹೊರಗೆ ಹೋಗುವ ಡೇಟಾಕ್ಕೆ ಜಿಬಿ ಲೆಕ್ಕದಲ್ಲಿ ದುಡ್ಡು ಕೇಳುವ ಕಡೆ ರಿಲೇ ಇಡಬೇಡಿ, ಬ್ಯಾಕಪ್‌ನ ಒಂದೊಂದು ಬೈಟಿಗೂ ಮತ್ತೆ ಬಿಲ್ ಬರುತ್ತದೆ.

2024ರ ಫೆಬ್ರವರಿಯಲ್ಲಿ ಕೆಂಪು ಸಮುದ್ರದಲ್ಲಿ ಕೇಬಲ್‌ಗಳು ತುಂಡಾದದ್ದು ಗೊತ್ತಲ್ವಾ? ಮಾರ್ಸೇಲ್ ದಾರಿ ಹೋಗುವುದೂ ಅದರಲ್ಲೇ. ಅದಕ್ಕೇ ಲಾಸ್ ಏಂಜಲೀಸ್‌ನಲ್ಲಿ ಇನ್ನೊಂದು ರಿಲೇ ತಯಾರು ಮಾಡಿ ಆಫ್ ಇಟ್ಟಿದ್ದೇನೆ, ಬರೀ ಡಿಸ್ಕಿನ ಬಾಡಿಗೆ ಬೀಳುತ್ತದೆ. ಮೊನ್ನೆ ಆನ್ ಮಾಡಿ ನೋಡಿದೆ: ಪಿಂಗ್ 300 ದಾಟಿತು, ಆದರೂ 400 ಎಂಬಿಪಿಎಸ್ ಬಂತು.